ಜೇನುಮರಿ ತಿಂದವನು ನಾನು

ಯಲ್ಲಪ್ಪ, ಆ ಜೇನು ಪೆಟ್ಟಿಗೆ ಬಿಟ್ಟು ಹೋದದ್ದು ನೀನು ಬೆಳೆಗೆ ಹೊಡೆದ ಔಷಧಿಯಿಂದಲ್ಲ. ನಾನು ಅದರ ಮರಿಗಳನ್ನು ಹುರಿದು ತಿಂದೆ — ಅದಕ್ಕೇ ಹೋಯಿತು. ಆರು ವರ್ಷದಿಂದ ಈ ಮಾತನ್ನು ನುಂಗಿಕೊಂಡು ಕೂತಿದ್ದೇನೆ.

ನೀನು ನಂಬಲಿಕ್ಕಿಲ್ಲ. ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ ನನ್ನದು, ಮೇಲೆ ಶಾಲೆಯ ಮಾಸ್ತರ, ಬದನೆಕಾಯಿಯಲ್ಲಿ ಹುಳ ಕಂಡರೆ ಇಡೀ ಕಾಯಿಯನ್ನೇ ಎಸೆಯುವವನು. ಆದರೆ ನನ್ನ ಕುತೂಹಲಕ್ಕೆ ಮಡಿ ಮೈಲಿಗೆ ಯಾವುದೂ ಇಲ್ಲ. ಕೆಲವು ಕಡೆ ಜನ ಜೇನುಮರಿ ತಿನ್ನುತ್ತಾರೆ, ಹೂವಿಲ್ಲದ ಕಾಲದಲ್ಲೂ ಹುಳಗಳಿಗೆ ಉಣಿಸಿ ಮರಿ ಹೆಚ್ಚಿಸುತ್ತಾರೆ ಎಂದು ಎಲ್ಲೋ ಓದಿದ್ದೆ. ನಿಜವೋ ಸುಳ್ಳೋ ನೋಡಲೇಬೇಕು ಅನ್ನಿಸಿತು.

ನಿನ್ನ ಹೊಲದ ಬದುವಿನ ಬೇವಿನಡಿ ನಾನಿಟ್ಟಿದ್ದ ಪೆಟ್ಟಿಗೆ ಅದು. ಇರುವೆ ಹತ್ತದಂತೆ ಅದರ ಕಾಲಿನ ಬಟ್ಟಲುಗಳಿಗೆ ದಿನಾ ನೀರು ತುಂಬುತ್ತಿದ್ದವನು ನೀನು. ಆಷಾಢದಲ್ಲಿ ಸಕ್ಕರೆ ಪಾಕ, ಪುಟಾಣಿ ಹಿಟ್ಟಿನ ಉಂಡೆ ಇಟ್ಟೆ. ಮೂರು ವಾರದಲ್ಲಿ ಮೇಣದ ಎರಿಯ ಕಣ್ಣುಕಣ್ಣಿನಲ್ಲೂ ಬಿಳಿ ಮರಿ. ನನ್ನಾಕೆ ಮುಂಡರಗಿಯ ತವರಿಗೆ ಹೋದ ದಿನ ಅಂಗೈಯಗಲ ಎರಿ ಕತ್ತರಿಸಿ ತಂದು, ಮರಿಗಳನ್ನು ಹಂಚಿನ ಮೇಲೆ ಹುರಿದು ಉಪ್ಪು ಉದುರಿಸಿದೆ. ಹುರಿದ ಹಸಿ ಶೇಂಗಾದಂಥ ರುಚಿ, ಒಳಗೆ ಕೆನೆಯ ಹಾಗೆ ಮೆತ್ತಗೆ — ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಎಷ್ಟು ಕತ್ತರಿಸಿದರೆ ಹುಳಗಳು ತಡೆದುಕೊಂಡಾವು, ಮತ್ತೆ ಉಣಿಸಿದರೆ ಮತ್ತೆ ಎರಿ ತುಂಬೀತೇ — ನೋಡೋಣ ಎಂದು ನಾಲ್ಕನೆಯ ದಿನ ಮರಿಯಿದ್ದ ಎರಿಯನ್ನೆಲ್ಲ ಕತ್ತರಿಸಿಬಿಟ್ಟೆ. ಮರುದಿನ ಪೆಟ್ಟಿಗೆ ಖಾಲಿ.

ಅದೇ ವಾರ ನೀನು ಉಳ್ಳಾಗಡ್ಡಿಗೆ ಔಷಧಿ ಹೊಡೆದಿದ್ದೆ. ನನ್ನ ಚಾಕುವಿನಿಂದ ಜಾರಿದ್ದ ನಾಲ್ಕಾರು ಮರಿಗಳು ಪೆಟ್ಟಿಗೆಯ ತಳದಲ್ಲಿ ಸತ್ತು ಬಿದ್ದಿದ್ದವು. ನೀನು ಬಗ್ಗಿ ಅವನ್ನಷ್ಟೇ ನೋಡಿದೆ.

“ಮಾಸ್ತರ, ನಾ ಹೊಡದ ಎಣ್ಣಿಗೆ ಸತ್ತಾವೇನ್ರಿ ಇವು?”

“ಇರಬೇಕಪಾ,” ಎಂದೆ.

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಬಿಡಿಸಿ ಹೇಳಿದವನು ನಾನು. ನೀನು ಚಪ್ಪಲಿ ಕಳಚಿ ಆ ಖಾಲಿ ಪೆಟ್ಟಿಗೆಗೆ ಕೈಮುಗಿದೆ. ಆಗಲಾದರೂ — ಇಲ್ಲ, ಹೇಳಲಿಲ್ಲ. ಹುಳ ತಿಂದ ಮಾಸ್ತರ ಎಂದು ಊರು ನಕ್ಕೀತು ಎಂಬ ಹೆದರಿಕೆ. ನಿನಗಾದ ಸಂಕಟ ನಾಲ್ಕು ದಿನದಲ್ಲಿ ಮರೆತುಹೋದೀತು ಎಂದುಕೊಂಡೆ.

ಹೋದ ವಾರ ನಿನ್ನ ಮೊಮ್ಮಗಳ ತೊಟ್ಟಿಲಿನ ದಿನ, ದೇವರ ಪಂಚಾಮೃತಕ್ಕೆ ಜೇನು ಹಾಕಲು ಮನೆಯ ಹಿರಿಯ ಎಂದು ನಿನ್ನನ್ನೇ ಕರೆದರು. ನೀನು ಕೈ ಹಿಂದಕ್ಕೆಳೆದುಕೊಂಡೆ.

“ನನ್ನ ಕೈ ಬ್ಯಾಡ. ಅದರ ಮರಿ ಕೊಂದ ಕೈ ಇದು.”

ನಿನ್ನ ಮಗ ಹಾಕಿದ. ಪಂಚಾಮೃತ ನನ್ನ ಮುಂದೆ ಬಂದಾಗ ನಾನು ಅಂಗೈಯೊಡ್ಡಿ ಕುಡಿದೆ, ಯಲ್ಲಪ್ಪ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ನಾಳೆ ಬೆಳಿಗ್ಗೆ ಶಿರಹಟ್ಟಿ ಬಸ್ಸು ಹತ್ತಿ ನಿನ್ನ ಮನೆಗೆ ಬರುತ್ತೇನೆ. ಇದಿಷ್ಟನ್ನೂ ನಿನ್ನ ಮಗ ಸೊಸೆಯ ಎದುರೇ ಹೇಳುತ್ತೇನೆ. ಯಾಕೆ ತಿಂದಿರಿ ಎಂದು ಕೇಳಿದರೆ ಕುತೂಹಲ ಎನ್ನುತ್ತೇನೆ. ಆರು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದರೆ — ಅದಕ್ಕೆ ಆ ನೆಪವೂ ಇಲ್ಲ. ನೀನಾಗಿ ‘ಒಳಗ ಬಂದು ಕುಂಡ್ರಿ’ ಅನ್ನುವವರೆಗೆ ಬಾಗಿಲ ಹೊರಗೆ ನಿಂತೇ ಇರುತ್ತೇನೆ.