ತಲೆಗೆ ಏರದ ಕೈ

ಗುನ್‌ವೋರಳ ಮುತ್ತಜ್ಜ ಎಫ್ರೈಮ್, ಗಣಿಯ ಛಾವಣಿ ಕುಸಿದು ಒಳಗೆ ಸಿಕ್ಕಿಕೊಂಡಾಗ, ಮೇಲಿದ್ದವರಿಗೆ ಕೇಳಿಸುವವರೆಗೂ ಸುತ್ತಿಗೆಯಿಂದ ಬಂಡೆ ಬಡಿದು ಬದುಕಿ ಬಂದವನು. ಅಜ್ಜಿ ಕಾಯ್ಸಾ, ಮುಷ್ಕರದ ಚಳಿಗಾಲದಲ್ಲಿ ಇಡೀ ಕೇರಿಗೆ ಒಂದೇ ಹಂಡೆಯಲ್ಲಿ ಬಟಾಣಿ ಸಾರು ಬೇಯಿಸಿ ಹಾಕಿದವಳು. ಸಂಧಾನಕ್ಕೆಂದು ಬಂದ ಗಣಿ ಮ್ಯಾನೇಜರನಿಗೂ ಒಂದು ಬಟ್ಟಲು ಕೊಟ್ಟು, ಅದನ್ನು ಅವನ ಕೈಯಲ್ಲೇ ತೊಳೆಸಿ ಕಳಿಸಿದವಳು. ಅಪ್ಪ ಆಲ್ಗೋಟ್, ಗಣಿ ಮುಚ್ಚಿದ ದಿನ ಕೊನೆಯ ಅದಿರು ಬಂಡಿಯನ್ನು ಮೇಲೆ ತಂದು, ಎಲ್ಲವನ್ನೂ ಒಪ್ಪಿಸಿ, ತನ್ನ ದೀಪವನ್ನು ಮಾತ್ರ ಒಪ್ಪಿಸದೆ ಮನೆಗೆ ನಡೆದವನು.

ಆ ದೀಪ ನಮ್ಮ ಆಟದ ಮೇಜಿನ ನಡುವೆ ಉರಿಯುತ್ತಿತ್ತು.

ಆಟವೆಂದರೆ ಇಸ್ಪೀಟಲ್ಲ, ಚದುರಂಗವಲ್ಲ. ಮೇಜಿನ ಸುತ್ತ ಕೂತವರು ತಲೆಗೊಂದು ಪಾತ್ರವಾಗುತ್ತೇವೆ. ನಡೆಸುವವಳು ಗುನ್‌ವೋರ್. ಅವಳು ಕಥೆ ಕಟ್ಟುತ್ತಾಳೆ, ಉಳಿದ ಪಾತ್ರಗಳೆಲ್ಲ ಅವಳ ಬಾಯಿಂದಲೇ ಮಾತಾಡುತ್ತವೆ. ನಾವು ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಸ್ವೀಡನ್ನಿನ ಈ ಗಣಿಯೂರಲ್ಲಿ ಹಿಮ ಬಿದ್ದರೆ ಇನ್ನೇನು ಮಾಡುವುದು? ಪಕ್ಕದ ಮೇಜುಗಳಲ್ಲಿ ಲೋಕವೆಲ್ಲ ಆಡುವ ಕತ್ತಿ, ಮಾಟ, ಡ್ರ್ಯಾಗನ್ನಿನ ಆಟ. ಗುನ್‌ವೋರಳಿಗೆ ಅದು ಸೇರದು.

“ಡ್ರ್ಯಾಗನ್ನ ಯಾರು ಬೇಕಾದ್ರೂ ಕೊಲ್ತಾರೆ. ಕತ್ತಲಲ್ಲಿ ಪಕ್ಕದವನ ಕೈ ಬಿಡದೆ ಇರಿ ನೋಡೋಣ,” ಎನ್ನುತ್ತಿದ್ದಳು.

ದೆವ್ವದ ಜಾಡು ಹಿಡಿಯುವ ಆಟ, ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಡಗಿನ ಆಟ, ಎಲ್ಲ ನಡೆಸಿದ್ದಾಳೆ. ಅವಳಿಗೆ ಪ್ರಾಣದಂತಿದ್ದದ್ದು ತಾನೇ ಕಟ್ಟಿದ ‘ದೀಪ’. ಗಣಿ ಕುಸಿದಿದೆ, ಒಳಗಿರುವವರನ್ನು ಹೊರತರಬೇಕು. ದಾಳ ಸೋತಾಗಲೆಲ್ಲ ಅವಳು ಬತ್ತಿಯನ್ನು ಒಂದಿಷ್ಟು ಇಳಿಸುತ್ತಾಳೆ. ದೀಪ ಆರಿದರೆ ಎಲ್ಲರೂ ಸತ್ತಂತೆ.

ಅವಳ ಮೇಜಿಗೊಂದು ಕಟ್ಟುನಿಟ್ಟು. ಅಲ್ಲಿ ಆಡಿದ್ದೆಲ್ಲ ಪಾತ್ರದ ಮಾತು. ನೀನಾಗಿ ಏನಾದರೂ ಹೇಳಬೇಕಿದ್ದರೆ ಬಲಗೈ ಮುಷ್ಟಿ ಕಟ್ಟಿ ನೆತ್ತಿಯ ಮೇಲಿಡಬೇಕು. ಬಸ್ಸು ಓಡಿಸಿ ನಿವೃತ್ತನಾದ ಟೂರೆ ಒಮ್ಮೆ ಮುಷ್ಟಿ ಮರೆತು, “ಅಯ್ಯೋ, ಮನೇಲಿ ನಲ್ಲಿ ಬಿಟ್ಟು ಬಂದೆ ಅನ್ಸುತ್ತೆ,” ಎಂದ. “ಸರಿ, ಕೆಳಗಿನ ಸುರಂಗಕ್ಕೆ ನೀರು ನುಗ್ತು,” ಎಂದು ಗುನ್‌ವೋರ್ ಆಟ ಮುಂದುವರಿಸಿದಳು. ಅವನು ಮನೆಗೆ ಹೋದಾಗ ಅಡುಗೆಮನೆ ಕೆರೆಯಾಗಿತ್ತು. ನಾವು ವರ್ಷವೆಲ್ಲ ನಕ್ಕೆವು. ಆ ನಗು ನಮ್ಮನ್ನೇ ಹೀಗೆ ತಿರುಗಿ ಹೊಡೆದೀತೆಂದು ಯಾರಿಗೆ ಗೊತ್ತಿತ್ತು?

ಅದು ಜನವರಿಯ ಒಂದು ಭಾನುವಾರದ ಮಧ್ಯಾಹ್ನ. ಕಾರ್ಮಿಕರ ಸಭಾಭವನದ ನೆಲಮಾಳಿಗೆಯಲ್ಲಿ ನಾನು, ಟೂರೆ ಮತ್ತು ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದ ಮಾಯ್ಕೆನ್ ಆಡುತ್ತಿದ್ದೆವು. ಗುನ್‌ವೋರ್ ಬಂಡೆಯಡಿ ಸಿಕ್ಕಿದ ಮುದುಕನಾಗಿದ್ದಳು. ನಾವು ಅವನ ಹತ್ತಿರ ತೆವಳುತ್ತಿದ್ದೆವು.

“ಬಲಗೈ ಏಳ್ತಿಲ್ಲ,” ಎಂದಳು.

“ಅಲುಗಾಡ್ಬೇಡ ಅಜ್ಜ, ಬಂದ್ವಿ,” ಎಂದ ಟೂರೆ.

“ಈ ಕಡೆಯೆಲ್ಲ ಕತ್ತಲಾಯ್ತು.”

“ದೀಪ ಆ ಕಡೆ ಹಿಡೀತೀನಿ, ತಾಳು,” ಎಂದಳು ಮಾಯ್ಕೆನ್.

ಮುದುಕನ ಮಾತು ತೊದಲತೊಡಗಿತು. ಎಡಗೈ ಬಲ ಮಣಿಕಟ್ಟನ್ನು ಹಿಡಿದು ಮೇಲೆತ್ತುತ್ತಿತ್ತು. ಎದೆಯವರೆಗೆ ಬಂದ ಕೈ ಜಾರಿ ಬೀಳುತ್ತಿತ್ತು. ಮತ್ತೆ ಎತ್ತುವಳು, ಮತ್ತೆ ಬೀಳುವುದು. ಮಾಯ್ಕೆನ್ ಮುಷ್ಟಿಯನ್ನು ನೆತ್ತಿಗಿಟ್ಟು ನನ್ನ ಕಿವಿಯಲ್ಲಿ ಹೇಳಿದಳು: “ಎಂಥಾ ನಟನೆ ನೋಡು. ವಾರ್ಡಲ್ಲಿ ಪಾರ್ಶ್ವವಾಯು ಹೊಡೆದವರು ಥೇಟ್ ಹೀಗೇ ಮಾಡೋರು.”

ನಾನು ಹೌದೆಂದು ತಲೆಯಾಡಿಸಿದೆ.

ಟೂರೆ ದಾಳ ಎಸೆದ. ಸೋತಿತು. ಬತ್ತಿ ಇಳಿಯಲಿಲ್ಲ. ಗುನ್‌ವೋರಳ ಮೊಣಕೈ ತಾಗಿ ಕಾಫಿ ಲೋಟ ಉರುಳಿ, ಅವಳೇ ಕೂತು ಬರೆದ ಗಣಿಯ ನಕ್ಷೆಯ ಮೇಲೆಲ್ಲ ಹರಿಯಿತು. ಏಲಕ್ಕಿ ಬನ್ನಿನ ಒಂದು ಚೂರು ಬಿದ್ದರೂ ಕೆಂಡವಾಗುತ್ತಿದ್ದವಳು ಅತ್ತ ನೋಡಲೇ ಇಲ್ಲ.

ಮಾಯ್ಕೆನ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಗುನ್‌ವೋರ್, ನಗು. ನನ್ನ ನೋಡಿ ನಗು.”

ಅರ್ಧ ಬಾಯಿ ಮಾತ್ರ ನಕ್ಕಿತು.

ಆಗ ನನಗೆ ಹೊಳೆಯಿತು. ಅವಳು ಕೈಯನ್ನು ನೆತ್ತಿಗೆ ಒಯ್ಯಲು ಒದ್ದಾಡುತ್ತಿದ್ದಳು. “ನಾನು ಗುನ್‌ವೋರ್, ಮುದುಕನಲ್ಲ,” ಎಂದು ಹೇಳಲು. ಕಣ್ಣೆದುರೇ ಕೂತು ನಾವು ಅದನ್ನು ನಟನೆಯೆಂದು ಮೆಚ್ಚಿಕೊಂಡಿದ್ದೆವು. ಆಂಬುಲೆನ್ಸಿನವನು “ಯಾವಾಗ ಶುರುವಾಯ್ತು?” ಎಂದು ಕೇಳಿದ. ಮಾಯ್ಕೆನ್ ಮುಷ್ಟಿಯನ್ನು ಇನ್ನೂ ನೆತ್ತಿಯ ಮೇಲೇ ಇಟ್ಟುಕೊಂಡಿದ್ದಳು. ನಾನೇ ಹಿಡಿದು ಇಳಿಸಿದೆ.

ಜೀವ ಉಳಿಯಿತು. ಹಿಮ ಕರಗಿದ ಮೇಲೆ ಗುನ್‌ವೋರ್ ಕೋಲೂರಿಕೊಂಡು ನೆಲಮಾಳಿಗೆಗೆ ಇಳಿದು ಬಂದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾಲಿಗೆ ತುಸು ದಪ್ಪವಾಗಿತ್ತು, ಹರಿತ ಮಾತ್ರ ಹೋಗಿರಲಿಲ್ಲ.

ನಾನು ತಡೆಯಲಾರದೆ ಕೇಳಿದೆ: “ಎಡಗೈನಾದ್ರೂ ತಲೆ ಮೇಲೆ ಇಡಬಾರದಿತ್ತಾ ಮಾರಾಯ್ತಿ?”

“ನಿಯಮ ಬಲಗೈದು,” ಎಂದಳು.

ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಯ್ಕೆನ್ ಗೋಡೆಯ ಕಡೆ ಮುಖ ತಿರುಗಿಸಿದಳು. ಟೂರೆ, ಇನ್ನು ಮುಂದೆ ‘ದೀಪ’ವನ್ನು ತಾನು ನಡೆಸುತ್ತೇನೆ, ದಾಳ ಎಸೆಯುವುದು, ಬತ್ತಿ ಇಳಿಸುವುದು ಎಲ್ಲ ತನ್ನ ಪಾಲಿಗಿರಲಿ, ಅವಳು ಬೆಚ್ಚಗೆ ಕೂತು ಕೇಳಿದರೆ ಸಾಕು ಎಂದ. ಎದ್ದು ಅವಳ ಕುರ್ಚಿಯತ್ತ ಹೊರಟೂಬಿಟ್ಟ.

ಗುನ್‌ವೋರ್ ಕೋಲನ್ನು ಅವನ ಕಾಲಿಗೆ ಅಡ್ಡ ಹಿಡಿದಳು. ಎಡಗೈಯಿಂದಲೇ ಅಪ್ಪನ ದೀಪವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

“ಕೂತ್ಕೋ ಟೂರೆ. ದಾಳಕ್ಕೆ ಯಾವ ಕೈಯಾದ್ರೇನು, ಉರುಳುತ್ತೆ. ಆ ಮುದುಕ ಜನವರಿಯಿಂದ ಬಂಡೆ ಕೆಳಗೇ ಬಿದ್ದಿದಾನೆ, ಮೂರು ಜನಾನೂ ಅವನನ್ನ ಬಿಟ್ಟು ಹೋದ್ರಿ. ಸಹಾಯ ಮಾಡೋದಿದ್ರೆ ಅವನಿಗೆ ಮಾಡಿ. ನಂಗೆ ಬೇಡ.”