ಮಗುವಿನ ಎದೆಗೆ ಹಚ್ಚಿದ ಅಸಲಿ ಎಣ್ಣೆ

ಪುದೀನ ಸೊಪ್ಪಿಗೆ ಹಬೆ ಹಾಯಿಸಿ ಎಣ್ಣೆ ಇಳಿಸುವ ಕಾರ್ಖಾನೆ ಅದು. ಸೊಸೆ ಅಲ್ಲಿ ಸೀಸೆ ತುಂಬುತ್ತಿದ್ದಳು. ಗಂಡ ಬಾಯ್ಲರಿನ ಮುಂದೆ, ಮಾವ ಗೇಟಿನಲ್ಲಿ. ತಲೆಯ ಮೇಲಿನ ಸೂರೂ ಧಣಿಯದೇ. ಒಬ್ಬರು ಬಾಯಿ ಬಿಟ್ಟರೆ ಮನೆಮಂದಿಯ ಅನ್ನಕ್ಕೆಲ್ಲ ಕಲ್ಲು.

ಅಂಗಡಿಯ ಸೀಸೆಯಲ್ಲಿ ಬೇರೆ ಎಣ್ಣೆಯೇ ಹೆಚ್ಚು, ಪುದೀನದ್ದು ನಾಲ್ಕು ಹನಿ. ಪೀಪಾಯಿಯ ತಳದಲ್ಲಿ ಉಳಿದ ಬೆರಕೆಯಿಲ್ಲದ ಎಣ್ಣೆ ಮಾತ್ರ ಕೆಲಸದವರ ಮನೆಗೆ ಪುಕ್ಕಟೆ. ಸಂಬಳ ಏರಿಸಿ ಎಂದರೆ ಕಿವುಡಾಗುವ ಧಣಿ ಇದರಲ್ಲಿ ಮಹಾ ಧಾರಾಳಿ! ಕೈ ಚರ್ಮ ಸುಲಿದರೂ ಇವರಿಗೆ 'ನಮ್ಮದು ಅಸಲಿ' ಎಂಬ ಜಂಬ.

ಹೆರಿಗೆಗೆ ಬಂದಿದ್ದ ನಾದಿನಿಯ ಕೂಸಿಗೆ ಮೂಗು ಕಟ್ಟಿತು. ಅತ್ತೆ ಆ ಅಸಲಿಯನ್ನೇ ಎದೆಗೂ ಮೂಗಿನ ಕೆಳಗೂ ಸವರಿದರು.

"ಅತ್ತೆ, ಬೇಡ, ಘಾಟು ಜಾಸ್ತಿ."

"ಸೊಪ್ಪಿನ ರಸ ಕಣೇ! ಏನೂ ಆಗಲ್ಲ ಅಂತ ಊರಿಗೆಲ್ಲ ಹಂಚಿದವಳು ನೀನೇ ತಾನೆ?"

ಹೌದು, ಅವಳೇ. ಅಷ್ಟರಲ್ಲಿ ಕೂಸು ಉಸಿರು ಕಟ್ಟಿ ನೀಲಿಗಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಏನು ಹಚ್ಚಿದ್ರಿ? ಬೇಗ ಹೇಳಿ" ಎಂದರು.

"ಏನೂ ಇಲ್ಲಮ್ಮ" ಎಂದರು ಅತ್ತೆ. ಗಂಡ ಹೆಂಡತಿಯ ಮೊಣಕೈ ಜಿಗುಟಿದ: "ಸುಮ್ನಿರು. ಮನೆ ಹೋಗುತ್ತೆ."

ಸೊಸೆ ಕೂಸಿನ ತುಟಿ ನೋಡಿದಳು. "ಪುದೀನ ಎಣ್ಣೆ, ಡಾಕ್ಟ್ರೇ. ಏನೂ ಬೆರೆಸದೇ ಇರೋದು. ನಮ್ಮ ಕಾರ್ಖಾನೇದು."

ಡಾಕ್ಟರಮ್ಮ ಎದೆ ಒರೆಸಿಸಿ ಆಕ್ಸಿಜನ್ ಇಡಿಸಿದರು. "ಸೊಪ್ಪಿಂದಾದ್ರೆ ವಿಷ ಆಗಲ್ವಾ? ಇದರ ಘಾಟಿಗೆ ಎಳೇ ಕೂಸಿನ ಉಸಿರೇ ನಿಲ್ಲಬಹುದು." ಬಹಳ ಹೊತ್ತಿನ ಮೇಲೆ ಕೂಸು ಕಿರುಚಿತು. ನಾದಿನಿ ಅತ್ತಿಗೆಯ ಕೈ ಹಿಡಿದು ಅತ್ತಳು.

ಸುದ್ದಿ ಧಣಿಗೆ ಮುಟ್ಟಿತು. ಸೊಸೆಯನ್ನು ಕರೆಸಿದ: "ಕಫ ಆಗಿತ್ತು ಅಂತ ಎಲ್ಲರ ಮುಂದೆ ಹೇಳು. ಇಲ್ಲಾಂದ್ರೆ ಪಾತ್ರೆ ಪಗಡ ಕಟ್ಟಿ." ಕೂಸಿನ ಪ್ರಾಣಕ್ಕಿಂತ ಸೀಸೆಯ ಮಾನ ದೊಡ್ಡದು ಆ ಮಹಾನುಭಾವನಿಗೆ! ಮನೆಯಲ್ಲಿ ಯಾರೂ ಅವಳನ್ನು ಬೇಡಿಕೊಳ್ಳಲಿಲ್ಲ. ಸುಮ್ಮನೆ ನೋಡಿದರು. ಅದೇ ಉರುಳು.

ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರ ಮುಂದೆ "ಕಫ ಆಗಿತ್ತು" ಎಂದಳು. ಅವಳನ್ನು ಹೇಡಿ ಎನ್ನುವವರು ಮೊದಲು ತಮ್ಮ ಮನೆಯ ಬೀಗದ ಕೈ ಯಾರ ಜೇಬಿನಲ್ಲಿದೆ ನೋಡಿಕೊಳ್ಳಲಿ.

ಪಕ್ಕದಲ್ಲಿ ಸೀಸೆ ತುಂಬುವವಳಿಗೂ ಮನೆಯಲ್ಲಿ ಎಳೆಗೂಸು. "ಅಕ್ಕಾ, ನಿಜವಾಗ್ಲೂ ಕಫಾನಾ?" ಎಂದಳು ಪಿಸುದನಿಯಲ್ಲಿ. ಧಣಿ ಬಾಗಿಲಲ್ಲೇ ನಿಂತಿದ್ದ.

"ಹೌದು ಕಣೇ" ಎಂದಳು ಸೊಸೆ, ಎಲ್ಲರಿಗೂ ಕೇಳುವಂತೆ. ಮೇಜಿನ ಕೆಳಗೆ ಅವಳ ಕಾಲನ್ನು ಬಲವಾಗಿ ತುಳಿದಳು, ತಲೆಯನ್ನು ಕೂದಲೆಳೆಯಷ್ಟು ಅಡ್ಡ ಆಡಿಸಿದಳು.