ಲಾಲಿ ಕಚ್ಚಿದ್ದಕ್ಕೆ ನಾನೇ ಸಾಕ್ಷಿ

ಮುಂಬಯಿಗೆ ಬಂದ ಹನ್ನೊಂದನೇ ದಿನ ನನಗೆ ನಾಯಿ ಕಚ್ಚಿತು. ಕೊನೆಗೆ ಇಡೀ ಬಿಲ್ಡಿಂಗು ನಾಯಿಯ ಪರವಾಗಿ ನಿಂತಿತು.

ವಿಜಯಪುರದ ನಮ್ಮ ಓಣಿಯಲ್ಲಾದರೆ ಮೊದಲು ನಾಯಿಗೆ ಕಲ್ಲು, ಆಮೇಲೆ ಗಾಯಕ್ಕೆ ಅರಿಶಿನ. ಯಾಕೆ ಕಚ್ಚಿತು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಆಂಟಾಪ್ ಹಿಲ್‌ನಲ್ಲಿ ನನಗೆ ಕೋಣೆ ಕೊಟ್ಟ ಧಾರವಾಡದ ಶಾಂತಕ್ಕ, ನಲ್ಲಿಯ ಕೆಳಗೆ ಕಾಲಿಗೆ ಸಾಬೂನು ತಿಕ್ಕುತ್ತಲೇ ಕೇಳಿದಳು: "ಏನ್ ಮಾಡಿದ್ಯೋ ಲಾಲಿಗೆ?" ದವಾಖಾನೆಯಲ್ಲಿ ಸೂಜಿ ಚುಚ್ಚಿದ ನರ್ಸೂ ಹಿಂದಿಯಲ್ಲಿ ಅದನ್ನೇ ಕೇಳಿದರು.

"ಏನಿಲ್ಲಕ್ಕಾ, ಸುಮ್ನ ಹೊಂಟಿದ್ದೆ," ಎಂದೆ. ಸುಳ್ಳು.

ಆಗ ನನ್ನ ಹಿಂದಿ ನಾಲ್ಕು ಮಾತಿಗೆ ಮುಗಿಯುತ್ತಿತ್ತು. ಕೆಲಸಕ್ಕಿದ್ದ ಬೈಕುಲ್ಲಾದ ಅಂಗಡಿಯಿಂದ ಲೋಕಲ್ ಹಿಡಿದು ಬಂದರೆ ಮಾತಾಡಿಸುವವರಿಲ್ಲ. ಹಾಗಾಗಿ ಸ್ಟೇಷನ್ನಿನ ಅನೌನ್ಸ್‌ಮೆಂಟು, ಬಿಲ್ಡಿಂಗ್ ಸೆಕ್ರೆಟರಿಯ ಕೆಮ್ಮು, ಕೊನೆಗೆ ನನ್ನದೇ ಹಿಂದಿ, ಎಲ್ಲವನ್ನೂ ಬಿಲ್ಡಿಂಗಿನವರಿಗೆ ಅಣಕಿಸಿ ತೋರಿಸಿದೆ. ನಕ್ಕವರು ಮರುದಿನ ಹೆಸರು ಹಿಡಿದು ಕರೆದರು.

ಆ ಸಂಜೆ ಹೊಸ ಐಟಂ ಒಂದರ ಪ್ರಾಕ್ಟೀಸು. ಮೆಟ್ಟಿಲ ಕೆಳಗೆ ಗೋಣಿಚೀಲದ ಮೇಲೆ ನಾಲ್ಕು ನಾಯಿಮರಿಗಳಿದ್ದವು. ಯಾರೂ ಇಲ್ಲದ ಹೊತ್ತು ನೋಡಿ ಪಕ್ಕದಲ್ಲಿ ಕೂತು, ಪೆಟ್ಟು ತಿಂದ ಮರಿಯಂತೆ ಕುಂಯ್‌ಗುಟ್ಟಿದೆ. ತಾಯಿ ಲಾಲಿ ಗೇಟಿನಿಂದ ಓಡಿ ಬಂದಳು. ಮೈ ಸೆಟೆದಿತ್ತು, ಬಾಲ ನೆಟ್ಟಗಿತ್ತು. ಗುರ್ ಎಂದಳು, ನಾನೂ ಗುರ್ ಎಂದೆ. ಹಲ್ಲು ತೋರಿಸಿದಳು, ನಾನೂ ತೋರಿಸಿದೆ. ಹೇಳುವಷ್ಟು ಹೇಳಿ ಮೀನಖಂಡಕ್ಕೆ ಬಾಯಿ ಹಾಕಿದಳು.

ಭಾನುವಾರ ಆ ಮೆಟ್ಟಿಲ ಮುಂದೆಯೇ ಮೀಟಿಂಗು ಸೇರಿತು. ನಮ್ಮಲ್ಲಿ ಓಣಿಯ ಹಿರಿಯರಿದ್ದಂತೆ ಇಲ್ಲಿ ಸೆಕ್ರೆಟರಿ. "ಕಲ್ ಟೆಂಪೋ ಬುಲಾತಾ ಹೂಂ, ಇಸ್ಕೋ ಬೊರಿವಲಿ ಛೋಡ್ ಆಯೇಂಗೆ," ಎಂದರು. ನಾಳೆಯೇ ಲಾಲಿಯನ್ನು ಊರಿನ ಆ ತುದಿಗೆ ಬಿಟ್ಟು ಬರುವುದು. ಮರಿಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ.

ಶಾಂತಕ್ಕ ನನ್ನ ಕಡೆ ತಿರುಗಿದಳು. "ಮರಿಗೋಳು ಸಾಯ್ತಾವ. ಖರೇ ಹೇಳು."

ತಪ್ಪೊಪ್ಪಿಕೊಳ್ಳುವಷ್ಟು ಹಿಂದಿ ನನ್ನಲ್ಲಿರಲಿಲ್ಲ. ಕುರ್ಚಿಯ ಮೇಲೆ ಹತ್ತಿ, ಮತ್ತೆ ಕುಂಯ್‌ಗುಟ್ಟಿದೆ. ಲಾಲಿ ಎಲ್ಲರ ಕಾಲ ಸಂದಿಯಿಂದ ನುಗ್ಗಿ ಬಂದು, ನಾಲ್ಕೂ ಮರಿಗಳನ್ನು ಒಂದೊಂದಾಗಿ ಮೂಸಿದಳು. ಆಮೇಲೆ ನನ್ನತ್ತ ತಿರುಗಿ ಗುರ್ ಎಂದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ನೆಲ ನೋಡಿದೆ. ಅವಳು ಮರಿಗಳ ಪಕ್ಕ ಮಲಗಿದಳು.

ಸೆಕ್ರೆಟರಿ ಕೆಮ್ಮಿದರು, ಥೇಟ್ ನಾನು ಕೆಮ್ಮುವ ಹಾಗೆಯೇ. ಯಾರೂ ನಗಲಿಲ್ಲ. "ಲಾಲಿ ಕೋ ರೆಹ್ನೇ ದೋ," ಎಂದು ನನ್ನತ್ತ ಬೆರಳು ಮಾಡಿದರು. "ಇಸ್ಕೋ ಭೇಜೋ ಬೊರಿವಲಿ." ಲಾಲಿ ಇಲ್ಲೇ ಇರಲಿ, ಬೊರಿವಲಿಗೆ ನಾನು. ಆಗ ಎಲ್ಲರೂ ನಕ್ಕರು.

ಮೊನ್ನೆ ಊರಿಗೆ ಹೋಗಿದ್ದೆ. ಓಣಿಯ ನಾಯಿ ನನ್ನನ್ನು ಹೊಸಬನೆಂದು ಬೊಗಳಿತು. ಕಾಕಾ ಕಲ್ಲೆತ್ತಿದರು. ಕೈ ಹಿಡಿದೆ. "ತಡೀರಿ ಕಾಕಾ, ಅಂಜೇತಿ ಅದು, ಬಾಲ ನೋಡ್ರಿ."

"ಮುಂಬೈದಾಂವ ಆದಿ ಬಿಡಪಾ," ಎಂದು ಕಾಕಾ ಕಲ್ಲು ಕೆಳಗೆ ಹಾಕಿದರು.

ಇಲ್ಲಿ ಲಾಲಿ ನನಗೆ ಬೊಗಳುವುದಿಲ್ಲ. ಮರಿಗಳು ಈಗ ಅವಳಷ್ಟೇ ಎತ್ತರ ಬೆಳೆದಿವೆ. ಆದರೂ ನಾನು ಮೆಟ್ಟಿಲು ಹತ್ತಿ ಹೋಗುವ ತನಕ ಅವುಗಳ ಮುಂದೆ ಎದ್ದು ನಿಂತಿರುತ್ತಾಳೆ.